ತಿಂಗಳಾದರೂ ಬಿಡದ ‘ನೆಗಡಿ’: ರೈನೈಟಿಸ್‌ಗೆ ಸರಿಯಾದ ಚಿಕಿತ್ಸೆ ಪಡೆಯುವುದು ಹೇಗೆ?

ನೆಗಡಿ ಬಂದು ಹೋಗುವ ಕಾಯಿಲೆ. ಮೂರ್ನಾಲ್ಕು ದಿನ ಮೂಗು ಸುರಿದು, ಗಂಟಲು ಕೆರೆದು, ಮೈ ಬಿಸಿಯಾಗಿ, ಏಳರಿಂದ ಹತ್ತು ದಿನದೊಳಗೆ ತಾನಾಗಿ ಇಳಿಯುತ್ತದೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎಂಟು-ಹತ್ತು ಸೀನು, ಆಮೇಲೆ ನೀರಿನಂತೆ ಸುರಿಯುವ ಮೂಗು, ರಾತ್ರಿ ಮಲಗಿದರೆ ಹೊಳ್ಳೆ ಬಂದ್. ಜ್ವರವಿಲ್ಲ, ಮೈಕೈ ನೋವಿಲ್ಲ, ಮೂಗು, ಕಣ್ಣು, ಅಂಗುಳ ಮಾತ್ರ ತುರಿಸುತ್ತವೆ. ಇದು ವಾರಗಟ್ಟಲೆ ನಡೆದಿದ್ದರೆ ಅದನ್ನು ನೆಗಡಿ ಎಂದುಕೊಂಡು ಕಾಯುವುದರಲ್ಲಿ ಅರ್ಥವಿಲ್ಲ. ಅದು ರೈನೈಟಿಸ್ ಇರಬಹುದು, ಅಂದರೆ ಮೂಗಿನ ಒಳಪದರದ ಉರಿಯೂತ.

ಇದಕ್ಕೆ ಒಳ್ಳೆಯ ಔಷಧಿಗಳು ದಶಕಗಳಿಂದ ಇವೆ. ಆದರೂ ಜನ ವರ್ಷಗಟ್ಟಲೆ ಕರವಸ್ತ್ರ ಹಿಡಿದುಕೊಂಡೇ ಇರುತ್ತಾರೆ. ಯಾವ ಬಗೆಯ ರೈನೈಟಿಸ್ ಎಂದು ಸರಿಯಾಗಿ ನೋಡಿಸಿಕೊಂಡಿರುವುದಿಲ್ಲ. ನೋಡಿಸಿಕೊಂಡವರಿಗೂ ಸ್ಪ್ರೇ ಹೇಗೆ ಹಾಕಬೇಕು, ಎಷ್ಟು ದಿನ ಹಾಕಬೇಕು ಎಂಬುದನ್ನು ಯಾರೂ ಕೈಹಿಡಿದು ತೋರಿಸಿರುವುದಿಲ್ಲ. ‘ಎಲ್ಲ ಔಷಧಿ ಮಾಡಿದೆ, ಯಾವುದೂ ನಾಟಲಿಲ್ಲ’ ಎನ್ನುವವರಲ್ಲಿ ಅನೇಕರ ಕಥೆ ಇಷ್ಟೇ.

ಮೂಗಿನೊಳಗೆ ಆಗುವುದೇನು?

ಪ್ರತಿ ಹೊಳ್ಳೆಯ ಹೊರಗೋಡೆಯಿಂದ ಬೆರಳಿನಾಕಾರದ ಮೆತ್ತನೆಯ ದಿಂಡುಗಳು ಒಳಕ್ಕೆ ಚಾಚಿಕೊಂಡಿರುತ್ತವೆ. ಇವಕ್ಕೆ ಟರ್ಬಿನೇಟ್ ಎಂದು ಹೆಸರು. ಉಸಿರಿನ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಇವುಗಳ ಕೆಲಸ. ರಕ್ತ ತುಂಬಿದರೆ ಉಬ್ಬುತ್ತವೆ, ಇಳಿದರೆ ದಾರಿ ಬಿಡುತ್ತವೆ. ಆರೋಗ್ಯವಂತರಲ್ಲೂ ಕೆಲವು ಗಂಟೆ ಒಂದು ಹೊಳ್ಳೆ, ಆಮೇಲೆ ಇನ್ನೊಂದು ಹೊಳ್ಳೆ ಸರದಿಯಂತೆ ಬಿಗಿಯಾಗುತ್ತದೆ. ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಒಳಪದರ ಮೊದಲೇ ಊದಿಕೊಂಡಿದ್ದರೆ ಈ ಸರದಿ ಎದ್ದು ಕಾಣುತ್ತದೆ. ‘ಬಲಕ್ಕೆ ಮಲಗಿದರೆ ಬಲಗಡೆ ಕಟ್ಟುತ್ತೆ, ಎಡಕ್ಕೆ ಹೊರಳಿದರೆ ಎಡಗಡೆ’ ಎಂಬ ದೂರು ಇಲ್ಲಿಂದಲೇ ಬರುವುದು. ಯಾವಾಗಲೂ ಒಂದೇ ಕಡೆ ಕಟ್ಟುತ್ತಿದ್ದರೆ ಮಾತ್ರ ಅದು ಬೇರೆ ವಿಷಯ, ಮುಂದೆ ಹೇಳುತ್ತೇವೆ.

ಅಲರ್ಜಿಯಲ್ಲಿ ಧೂಳಿನ ನುಸಿ, ಪರಾಗ, ಬೂಷ್ಟು, ಜಿರಳೆಯ ಕಸ, ಸಾಕುಪ್ರಾಣಿಯ ಹೊಟ್ಟು ಇವುಗಳಲ್ಲೊಂದರ ವಿರುದ್ಧ ದೇಹ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟಿರುತ್ತದೆ. ಆ ಕಣ ಮೂಗಿಗೆ ಬಿದ್ದ ನಿಮಿಷಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಸೀನು, ತುರಿಕೆ, ನೀರು. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಉರಿಯೂತದ ಎರಡನೇ ಅಲೆ ಬರುತ್ತದೆ. ಮೂಗು ಕಟ್ಟುವುದು ಮುಖ್ಯವಾಗಿ ಈ ಅಲೆಯಿಂದ. ಹಿಸ್ಟಮಿನ್ ತಡೆಯುವ ಮಾತ್ರೆ ಸೀನು ನಿಲ್ಲಿಸಿಯೂ ಕಟ್ಟಿದ ಮೂಗನ್ನು ಅಷ್ಟಾಗಿ ಬಿಡಿಸದಿರುವುದು ಇದೇ ಕಾರಣಕ್ಕೆ.

ಅಲರ್ಜಿಯಿಲ್ಲದ ರೈನೈಟಿಸ್ ಕೂಡ ಇದೆ. ತಣ್ಣನೆಯ ಗಾಳಿ, ಹೊಗೆ, ಸೆಂಟಿನ ವಾಸನೆ, ಖಾರದ ಊಟ ಇವುಗಳಿಗೆ ಮೂಗು ಸುರಿಯುತ್ತದೆ. ತುರಿಕೆ ಕಡಿಮೆ, ಕಣ್ಣಿಗೆ ತೊಂದರೆಯಿಲ್ಲ. ಗರ್ಭಾವಸ್ಥೆ, ಥೈರಾಯ್ಡ್ ಕೊರತೆ, ರಕ್ತದೊತ್ತಡದ ಕೆಲವು ಮಾತ್ರೆಗಳು, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳು ಸಹ ಕಾರಣವಾಗಬಹುದು. ಇಂಥವರು ಅಲರ್ಜಿ ಮಾತ್ರೆ ನುಂಗಿದರೆ ನಿದ್ದೆ ಬಂದೀತು, ಮೂಗು ನಿಲ್ಲುವುದು ಕಷ್ಟ.

ಮೊದಲ ಹೆಜ್ಜೆ: ಎರಡು ವಾರದ ಲೆಕ್ಕ

ವೈದ್ಯರ ಬಳಿ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಸೀನು, ತುರಿಕೆ, ಸೋರುವುದು, ಕಟ್ಟುವುದು ಎಂದು ನಾಲ್ಕು ಕಾಲಂ ಎಳೆಯಿರಿ. ಪ್ರತಿದಿನ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡಿ: ಇಲ್ಲವೇ ಇಲ್ಲ ಎಂದರೆ 0, ಇದೆ ಆದರೆ ಕಾಡಲಿಲ್ಲ ಎಂದರೆ 1, ಕಾಡಿತು ಆದರೆ ಕೆಲಸ ನಡೆಯಿತು ಎಂದರೆ 2, ಕೆಲಸ ಅಥವಾ ನಿದ್ದೆ ಕೆಟ್ಟಿತು ಎಂದರೆ 3. ದಿನಕ್ಕೆ ಹೆಚ್ಚೆಂದರೆ 12. ಪಕ್ಕದಲ್ಲಿ ಆ ದಿನದ ಸಂಗತಿ ಬರೆಯಿರಿ: ಕಸ ಗುಡಿಸಿದ್ದು, ಹಳೆಯ ಪೆಟ್ಟಿಗೆ ತೆಗೆದದ್ದು, ನುಂಗಿದ ಮಾತ್ರೆ. ಚಿಕಿತ್ಸೆ ಆರಂಭವಾದ ಮೇಲೂ ಇದೇ ಹಾಳೆ ಮುಂದುವರಿಯಲಿ. ‘ಸ್ವಲ್ಪ ಪರವಾಗಿಲ್ಲ’ ಎನ್ನುವುದಕ್ಕಿಂತ ‘9 ಇದ್ದದ್ದು 3ಕ್ಕೆ ಇಳಿದಿದೆ’ ಎಂದರೆ ವೈದ್ಯರಿಗೆ ತೀರ್ಮಾನ ಸುಲಭ.

ತೀವ್ರತೆ ಅಳೆಯಲು ಅರಿಯಾ ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿ 2001ರಿಂದ ಬಳಕೆಯಲ್ಲಿದೆ. ವಾರಕ್ಕೆ 4 ದಿನ ಅಥವಾ ಹೆಚ್ಚು, ಜೊತೆಗೆ ಸತತ 4 ವಾರ ಅಥವಾ ಹೆಚ್ಚು ಇದ್ದರೆ ಅದು ‘ನಿರಂತರ’; ಅದಕ್ಕಿಂತ ಕಡಿಮೆಯಾದರೆ ‘ಆಗಾಗ’. ನಿದ್ದೆ, ಶಾಲೆ, ಕೆಲಸ, ಆಟ ಇವುಗಳಲ್ಲಿ ಒಂದು ಕೆಟ್ಟರೂ ‘ಸೌಮ್ಯ’ ಎಂಬ ಹಂತ ದಾಟಿದಂತೆ. ನಿಮ್ಮ ಹಾಳೆಯೇ ಇದನ್ನು ಹೇಳಿಬಿಡುತ್ತದೆ.

ಲೆಕ್ಕ ಬರೆಯುತ್ತ ಕೂರಬಾರದ ಸಂದರ್ಭಗಳು

ಸದಾ ಒಂದೇ ಹೊಳ್ಳೆ ಕಟ್ಟುವುದು, ಅದರಿಂದಲೇ ಮತ್ತೆ ಮತ್ತೆ ರಕ್ತ ಬರುವುದು, ಕೆನ್ನೆ ಮರಗಟ್ಟುವುದು: ಇದಕ್ಕೆ ಮೂಗಿನೊಳಗೆ ದುರ್ಬೀನು ಹಾಕಿ ನೋಡಲೇಬೇಕು, ಗಡ್ಡೆಯೂ ಹೀಗೆ ಶುರುವಾಗಬಹುದು. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ಗಬ್ಬುನಾತದ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಕಾಳೋ ಸಿಕ್ಕಿಕೊಂಡಿದೆ ಎಂದೇ ಹೊರಡಿ. ಅದು ಗುಂಡಿಯಾಕಾರದ ಬ್ಯಾಟರಿಯಾಗಿದ್ದರೆ ಗಂಟೆಗಳಲ್ಲೇ ಒಳಗೆ ಸುಡುತ್ತದೆ, ತಡಮಾಡುವಂತಿಲ್ಲ. ತಲೆಗೆ ಪೆಟ್ಟು ಬಿದ್ದ ನಂತರ ಬಗ್ಗಿದಾಗ ಒಂದೇ ಕಡೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ಸುತ್ತಲಿನ ದ್ರವ ಇರಬಹುದು. ಕಣ್ಣಿನ ಸುತ್ತ ಊತ, ವಸ್ತು ಎರಡಾಗಿ ಕಾಣುವುದು, ತೀವ್ರ ಜ್ವರದ ಜೊತೆ ಮುಖನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ.

ಸಿಂಬಳ ಹಸಿರಾಗಿದೆ ಎಂಬ ಒಂದೇ ಕಾರಣಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ವೈರಸ್ ನೆಗಡಿಯಲ್ಲೂ ಅದು ಹಸಿರಾಗುತ್ತದೆ. ಹತ್ತು ದಿನವಾದರೂ ಸ್ವಲ್ಪವೂ ಇಳಿಯದಿದ್ದರೆ, ಅಥವಾ ಕಡಿಮೆಯಾಗುತ್ತ ಬಂದದ್ದು ಮತ್ತೆ ಜ್ವರದೊಂದಿಗೆ ಏರಿದರೆ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬರಬೇಕು.

ವೈದ್ಯರ ಮುಂದೆ

ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಯನ್ನೂ ಹೇಳಿ. ಅಂಗಡಿಯಲ್ಲಿ ಕೇಳಿ ತಂದ ಮೂಗಿನ ಡ್ರಾಪ್ಸ್ ಅನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ಮೊದಲು ಹೇಳಿ. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಸದ್ದು, ಮೆಟ್ಟಿಲು ಹತ್ತಿದಾಗ ಎದೆ ಬಿಗಿತ ಇದ್ದರೆ ಕೇಳದಿದ್ದರೂ ಹೇಳಿ. ಮೂಗು, ಶ್ವಾಸಕೋಶ ಒಂದೇ ಕೊಳವೆಯ ಎರಡು ತುದಿ. ಆಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ರೈನೈಟಿಸ್ ಕೂಡ ಇರುತ್ತದೆ, ಮೂಗನ್ನು ಕಡೆಗಣಿಸಿದರೆ ಉಬ್ಬಸ ಹತೋಟಿಗೆ ಬರುವುದು ಕಷ್ಟ. ನೋವಿನ ಮಾತ್ರೆ ನುಂಗಿದ ಮೇಲೆ ಮೂಗು ಕಟ್ಟಿ ಉಬ್ಬಸ ಬಂದದ್ದಿದ್ದರೆ ಅದು ಬಹಳ ಮುಖ್ಯವಾದ ಸುಳಿವು.

ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಲಕ್ಷಣ ಸ್ಪಷ್ಟವಿದ್ದರೆ ನೇರವಾಗಿ ಚಿಕಿತ್ಸೆ ಆರಂಭಿಸಬಹುದು. ಅದಕ್ಕೆ ಬಗ್ಗದಿದ್ದರೆ, ಅಥವಾ ಯಾವುದರಿಂದ ಅಲರ್ಜಿ ಎಂದು ತಿಳಿಯಲೇಬೇಕಾದರೆ ಚರ್ಮದ ಪ್ರಿಕ್ ಟೆಸ್ಟ್. ಮುಂಗೈ ಮೇಲೆ ಅನುಮಾನವಿರುವ ವಸ್ತುವಿನ ದ್ರಾವಣದ ಹನಿ ಇಟ್ಟು, ಸೂಜಿಮೊನೆಯಿಂದ ಮೇಲುಮೇಲೆ ಚುಚ್ಚಿ, 15-20 ನಿಮಿಷದ ನಂತರ ದದ್ದನ್ನು ಅಳೆಯುತ್ತಾರೆ. ಬರಿಯ ದ್ರಾವಣ ಇಟ್ಟ ಜಾಗಕ್ಕಿಂತ 3 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ದದ್ದು ಬಂದರೆ ಪಾಸಿಟಿವ್. ಅಲರ್ಜಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮುಂಚೆ ನಿಲ್ಲಿಸಿರಬೇಕು. ಇಲ್ಲದಿದ್ದರೆ ದದ್ದೇ ಏಳದೆ ಪರೀಕ್ಷೆ ದಂಡವಾಗುತ್ತದೆ. ಮಾತ್ರೆ ನಿಲ್ಲಿಸಲಾಗದವರಿಗೆ ರಕ್ತದಲ್ಲಿ ಐಜಿಇ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ನೂರಾರು ವಸ್ತುಗಳ ಪಟ್ಟಿ ಕೈಗೆ ಕೊಟ್ಟು ‘ಇವನ್ನೆಲ್ಲ ತಿನ್ನಬೇಡಿ’ ಎನ್ನುವ ಪ್ಯಾಕೇಜ್ ಪರೀಕ್ಷೆಗಳಿಂದ ದೂರವಿರಿ. ಪರೀಕ್ಷೆ ಪಾಸಿಟಿವ್ ಬಂದರೂ ಆ ವಸ್ತುವಿನಿಂದ ನಿಮಗೆ ತೊಂದರೆ ಆಗದಿದ್ದರೆ ಅದು ಅಲರ್ಜಿ ಅಲ್ಲ. ರೈನೈಟಿಸ್‌ಗೆ ಊಟ ಕಾರಣವಾಗುವುದೂ ಅಪರೂಪ.

ಮೂಗಿನ ಸ್ಪ್ರೇ: ಎಲ್ಲ ಎಡವಟ್ಟೂ ಆಗುವುದು ಇಲ್ಲಿ

ನಿರಂತರ ರೈನೈಟಿಸ್‌ಗೆ, ಅದರಲ್ಲೂ ಮೂಗು ಕಟ್ಟುವವರಿಗೆ, ಅತ್ಯಂತ ಪರಿಣಾಮಕಾರಿ ಔಷಧಿ ಸ್ಟಿರಾಯ್ಡ್ ಸ್ಪ್ರೇ: ಫ್ಲುಟಿಕಾಸೋನ್, ಮೊಮೆಟಾಸೋನ್, ಬ್ಯೂಡೆಸೊನೈಡ್. ಸ್ಟಿರಾಯ್ಡ್ ಎಂಬ ಪದ ಕೇಳಿಯೇ ಹಲವರು ಬಾಟಲಿ ಮುಚ್ಚಿಡುತ್ತಾರೆ. ಫ್ಲುಟಿಕಾಸೋನ್, ಮೊಮೆಟಾಸೋನ್ ಮೂಗಿಗೆ ಹಾಕಿದ್ದರಲ್ಲಿ ಶೇ. 2ಕ್ಕಿಂತ ಕಡಿಮೆ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ; ನುಂಗುವ ಸ್ಟಿರಾಯ್ಡ್ ಮಾತ್ರೆಗೂ ಇದಕ್ಕೂ ಹೋಲಿಕೆಯಿಲ್ಲ. ಎಚ್‌ಐವಿ ಚಿಕಿತ್ಸೆಯಲ್ಲಿ ರಿಟೊನಾವಿರ್ ತೆಗೆದುಕೊಳ್ಳುವವರು ಮಾತ್ರ ಮೊದಲೇ ತಿಳಿಸಬೇಕು, ಅದು ಫ್ಲುಟಿಕಾಸೋನ್ ದೇಹದಲ್ಲಿ ಉಳಿಯುವಂತೆ ಮಾಡುತ್ತದೆ.

ಒಂದು ಸ್ಪ್ರೇಗೆ 50 ಮೈಕ್ರೋಗ್ರಾಂ ಇರುವ ಬಾಟಲಿಯಾದರೆ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ 2 ಸ್ಪ್ರೇ, ಒಟ್ಟು 200 ಮೈಕ್ರೋಗ್ರಾಂ. ಮಕ್ಕಳಿಗೆ ಅದರ ಅರ್ಧ. ವೈದ್ಯರು ಬರೆದುಕೊಟ್ಟ ಪ್ರಮಾಣವೇ ಅಂತಿಮ. ಹಾಕುವ ಕ್ರಮ ಹೀಗೆ:

1. ಮೂಗು ಸೀಟಿ ಖಾಲಿ ಮಾಡಿ. ಉಪ್ಪುನೀರಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಮೊದಲು ಅದು, ಹತ್ತು-ಹದಿನೈದು ನಿಮಿಷ ಬಿಟ್ಟು ಸ್ಪ್ರೇ.
2. ಬಾಟಲಿ ಕುಲುಕಿ. ಔಷಧಿ ತಳಕ್ಕೆ ಕೂತಿರುತ್ತದೆ. ಕುಲುಕದಿದ್ದರೆ ಬರುವುದು ಬರೀ ನೀರು.
3. ಹೊಸ ಬಾಟಲಿಯಾದರೆ ಸಣ್ಣ ಮಂಜಿನಂತೆ ಬರುವವರೆಗೆ ಗಾಳಿಗೆ ಒತ್ತಿ. ಕೆಲವಕ್ಕೆ 6 ಸಲ ಬೇಕು, ಕೆಲವಕ್ಕೆ 10. ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ.
4. ತಲೆ ತುಸು ಮುಂದಕ್ಕೆ ಬಾಗಲಿ, ಕಾಲ್ಬೆರಳು ನೋಡುವಂತೆ. ಹಿಂದಕ್ಕೆ ಎತ್ತಿದರೆ ಔಷಧಿ ನೇರ ಗಂಟಲಿಗೆ.
5. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿಯನ್ನು ಸ್ವಲ್ಪವೇ ಒಳಗಿಟ್ಟು, ಅದೇ ಕಡೆಯ ಕಣ್ಣಿನ ಹೊರಮೂಲೆಯತ್ತ ಗುರಿಯಿಡಿ.
6. ಒತ್ತುವಾಗ ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರೆಳೆಯಿರಿ. ಬಾಯಿಯಿಂದ ಉಸಿರು ಬಿಡಿ. ಮುಂದಿನ ಕೆಲವು ನಿಮಿಷ ಮೂಗು ಸೀಟಬೇಡಿ.

ಕೈ ಬದಲಿಸುವುದು ಶಾಸ್ತ್ರಕ್ಕಲ್ಲ. ಬಲಗೈಯಿಂದಲೇ ಬಲ ಹೊಳ್ಳೆಗೆ ಹಾಕಿದರೆ ಬಾಟಲಿ ತಾನಾಗಿ ನಡುಗೋಡೆಯತ್ತ ವಾಲುತ್ತದೆ. ಆ ಗೋಡೆಯ ಮೇಲೆ ದಿನವೂ ಔಷಧಿ ಬಿದ್ದರೆ ಪೊರೆ ಒಣಗಿ, ಹಕ್ಕಳೆ ಕಟ್ಟಿ, ರಕ್ತ ಒಸರುತ್ತದೆ. ಊದಿಕೊಂಡಿರುವುದು ಹೊರಗೋಡೆಯ ದಿಂಡು. ಔಷಧಿ ಬೇಕಾದದ್ದು ಅದಕ್ಕೆ. ಬಾಯಲ್ಲಿ ಔಷಧಿಯ ರುಚಿ ಬಂದರೆ ಜೋರಾಗಿ ಎಳೆದುಕೊಂಡಿದ್ದೀರಿ ಎಂದರ್ಥ. ರಕ್ತ ಬಂದರೆ ಎರಡು-ಮೂರು ದಿನ ನಿಲ್ಲಿಸಿ, ಗುರಿ ಸರಿಪಡಿಸಿಕೊಂಡು ಮತ್ತೆ ಆರಂಭಿಸಿ. ಆಗಲೂ ಮರುಕಳಿಸಿದರೆ ವೈದ್ಯರಿಗೆ ತೋರಿಸಿ.

ಇನ್ನೊಂದು ತಪ್ಪು ಅವಸರ. ಸ್ಪ್ರೇ ಹಾಕಿದ ಐದು ನಿಮಿಷಕ್ಕೆ ಮೂಗು ತೆರೆಯುವುದಿಲ್ಲ. ಮೊದಲ ದಿನದಲ್ಲಿ ಅಲ್ಪಸ್ವಲ್ಪ ಹಿತವೆನಿಸಬಹುದು, ಪೂರ್ಣ ಫಲಕ್ಕೆ ಒಂದೆರಡು ವಾರ ಬೇಕು, ಅದೂ ಒಂದು ದಿನವೂ ತಪ್ಪಿಸದೆ ಹಾಕಿದರೆ. ಮೂರನೇ ದಿನಕ್ಕೆ ‘ಕೆಲಸ ಮಾಡಲ್ಲ’ ಎಂದು ಬಿಟ್ಟವರು ಆ ಔಷಧಿಯನ್ನು ಪರೀಕ್ಷಿಸಿಯೇ ಇಲ್ಲ. ನಿಮ್ಮ ಶಿಸ್ತು ಅಳೆಯಲು ಸುಲಭದ ಲೆಕ್ಕವೊಂದಿದೆ: 120 ಸ್ಪ್ರೇ ಇರುವ ಬಾಟಲಿ, ದಿನಕ್ಕೆ 4ರಂತೆ 30 ದಿನಕ್ಕೆ ಮುಗಿಯಬೇಕು. ತೆರೆದ ತಾರೀಕನ್ನು ಬಾಟಲಿಯ ಮೇಲೆ ಬರೆದಿಡಿ. ಎರಡು ತಿಂಗಳಾದರೂ ಉಳಿದಿದ್ದರೆ ಅರ್ಧ ಔಷಧಿ ಮೂಗಿಗೆ ಹೋಗಿಲ್ಲ. ತುದಿ ಕಟ್ಟಿಕೊಂಡರೆ ಪಿನ್ನಿನಿಂದ ಚುಚ್ಚಬೇಡಿ, ರಂಧ್ರ ದೊಡ್ಡದಾಗಿ ಪ್ರಮಾಣ ಕೆಡುತ್ತದೆ. ಕಳಚಿ ಬೆಚ್ಚನೆಯ ನೀರಿನಲ್ಲಿ ತೊಳೆಯಿರಿ.

ಮಾತ್ರೆಗಳು

ಆಗಾಗ ಬರುವ ಸೀನು, ತುರಿಕೆಗೆ ಹೊಸ ಪೀಳಿಗೆಯ ಆ್ಯಂಟಿಹಿಸ್ಟಮಿನ್ ಸಾಕು: ವಯಸ್ಕರಿಗೆ ದಿನಕ್ಕೊಮ್ಮೆ ಸೆಟಿರಿಜಿನ್ 10 ಮಿ.ಗ್ರಾಂ., ಲೊರಾಟಡಿನ್ 10 ಮಿ.ಗ್ರಾಂ., ಅಥವಾ ಫೆಕ್ಸೊಫೆನಡಿನ್ 120 ಮಿ.ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಬದಲಾಗುತ್ತದೆ. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ರಾತ್ರಿ ತೆಗೆದುಕೊಳ್ಳುವುದು ಲೇಸು. ಫೆಕ್ಸೊಫೆನಡಿನ್ ಅನ್ನು ಹಣ್ಣಿನ ರಸದ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ನೀರಿನಲ್ಲೇ ನುಂಗಿ. ಹಳೆಯ ಕ್ಲೋರ್‌ಫೆನಿರಮಿನ್ ನಿದ್ದೆಗೆಡಿಸುವುದಿಲ್ಲ, ಎಚ್ಚರವನ್ನೇ ಕೆಡಿಸುತ್ತದೆ. ವಾಹನ ಓಡಿಸುವವರು, ಪರೀಕ್ಷೆಗೆ ಓದುವ ಮಕ್ಕಳು, ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ ಇರುವ ಹಿರಿಯರು ಅದನ್ನು ದೂರವಿಡಬೇಕು. ‘ಕೋಲ್ಡ್ ಟ್ಯಾಬ್ಲೆಟ್’ ಎಂದು ಸಿಗುವ ಹಲವು ಮಿಶ್ರಣಗಳಲ್ಲಿ ಇದೇ ಇರುತ್ತದೆ, ಜೊತೆಗೆ ಫಿನೈಲೆಫ್ರಿನ್. ಬಾಯಿಂದ ನುಂಗುವ ಫಿನೈಲೆಫ್ರಿನ್ ಮೂಗು ಬಿಡಿಸುವುದಿಲ್ಲವೆಂಬ ಕಾರಣಕ್ಕೆ ಅದನ್ನು ಚೀಟಿಯಿಲ್ಲದೆ ಮಾರುವ ಔಷಧಿಗಳಿಂದ ತೆಗೆಯುವ ಪ್ರಸ್ತಾವವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ನವೆಂಬರ್‌ನಲ್ಲಿ ಮುಂದಿಟ್ಟಿತು.

ಅಲರ್ಜಿ, ಆಸ್ತಮಾಗೆ ಬರೆದುಕೊಡುವ ಮಾಂಟೆಲುಕಾಸ್ಟ್ ಮಾತ್ರೆಯ ಬಗ್ಗೆ ಒಂದು ಮಾತು. ಮನಸ್ಸಿನ ಮೇಲೆ ಗಂಭೀರ ಪರಿಣಾಮವಾಗಬಹುದೆಂದು 2020ರ ಮಾರ್ಚ್‌ನಲ್ಲಿ ಎಫ್‌ಡಿಎ ಇದರ ಮೇಲೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಹಾಕಿಸಿತು. ಬೇರೆ ಔಷಧಿ ಒಗ್ಗದವರಿಗೆ ಮಾತ್ರ ಸಾಕು ಎಂದಿತು. ಮಗು ಇದನ್ನು ತೆಗೆದುಕೊಳ್ಳುತ್ತಿದ್ದು ಕೆಟ್ಟ ಕನಸು, ಸಿಟ್ಟು, ಮಂಕು ಕಂಡರೆ ವೈದ್ಯರಿಗೆ ತಕ್ಷಣ ತಿಳಿಸಿ. ಋತುವಿಗೊಂದರಂತೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿಯೂ ಬೇಡ.

ಡ್ರಾಪ್ಸ್ ಎಂಬ ಉರುಳು

ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಹನಿಗಳು ನಿಮಿಷಗಳಲ್ಲಿ ಮೂಗು ತೆರೆಯುತ್ತವೆ. ಅಷ್ಟು ಚೆನ್ನಾಗಿ ಕೆಲಸ ಮಾಡುವುದೇ ಅವುಗಳ ಅಪಾಯ. ಅವು ಟರ್ಬಿನೇಟ್‌ನ ರಕ್ತನಾಳಗಳನ್ನು ಹಿಂಡುತ್ತವೆ. ಔಷಧಿ ಇಳಿದಾಗ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬುತ್ತವೆ. ಮತ್ತೆ ಹನಿ, ಮತ್ತೆ ಊತ. ಮೂರರಿಂದ ಐದು ದಿನ, ಅಷ್ಟಕ್ಕೇ ನಿಲ್ಲಿಸಬೇಕು. ದಿಂಬಿನ ಪಕ್ಕ ಬಾಟಲಿ ಇಲ್ಲದೆ ನಿದ್ದೆ ಬಾರದ ಸ್ಥಿತಿ ತಲುಪಿದ್ದರೆ, ವೈದ್ಯರ ಸಲಹೆಯಂತೆ ಸ್ಟಿರಾಯ್ಡ್ ಸ್ಪ್ರೇ ಆರಂಭಿಸಿ, ಮೊದಲು ಒಂದು ಹೊಳ್ಳೆಗೆ ಮಾತ್ರ ಡ್ರಾಪ್ಸ್ ನಿಲ್ಲಿಸಿ. ಅದು ತೆರೆದುಕೊಂಡ ಮೇಲೆ ಇನ್ನೊಂದಕ್ಕೆ. ಕೆಲವು ರಾತ್ರಿ ಕಷ್ಟವಾಗುತ್ತದೆ, ಆಮೇಲೆ ಬಿಡುತ್ತದೆ.

ಮೆಂಥಾಲ್ ಮುಲಾಮು ಹಾಗಲ್ಲ. ಅದು ತಂಪಿನ ನರವನ್ನು ಕೆರಳಿಸಿ ‘ಮೂಗು ಬಿಟ್ಟಿತು’ ಎಂಬ ಅನಿಸಿಕೆ ಕೊಡುತ್ತದೆ, ಒಳಗಿನ ದಾರಿ ಮಾತ್ರ ಇದ್ದಷ್ಟೇ. ಹಾನಿಯಿಲ್ಲ, ಎಳೆಮಕ್ಕಳಿಗೆ ಹಚ್ಚದಿದ್ದರೆ.

ಉಪ್ಪುನೀರು

ಒಂದು ಲೀಟರ್ ನೀರನ್ನು ಕುದಿಬಂದ ಮೇಲೂ 1 ನಿಮಿಷ ಮರಳಿಸಿ. 2000 ಮೀಟರಿಗಿಂತ ಎತ್ತರದ ಊರಾದರೆ 3 ನಿಮಿಷ. ಉಗುರುಬೆಚ್ಚಗಾದ ಮೇಲೆ 9 ಗ್ರಾಂ ಅಯೋಡಿನ್ ಇಲ್ಲದ ಪುಡಿ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ, ಅರ್ಧ ಟೀ ಚಮಚ ಅಡುಗೆ ಸೋಡಾ ಕರಗಿಸಿ. ಉಪ್ಪು ಹೆಚ್ಚಾದರೂ ಉರಿಯುತ್ತದೆ, ಕಡಿಮೆಯಾದರೂ ಉರಿಯುತ್ತದೆ. ಉಳಿದದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ನಲ್ಲಿ ನೀರನ್ನು ಕುದಿಸದೆ ಬಳಸಲೇಬಾರದು. ಹೊಟ್ಟೆಗೆ ಹೋದರೆ ಏನೂ ಮಾಡದ ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮೆದುಳಿಗೆ ದಾಟಬಲ್ಲದು. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಹೀಗೆಯೇ ಸತ್ತರು.

ಬೇಸಿನ್ ಮೇಲೆ ಬಾಗಿ, ಬಾಯಿ ತೆರೆದು ಉಸಿರಾಡುತ್ತ, ಮೇಲಿನ ಹೊಳ್ಳೆಗೆ ಮೆಲ್ಲಗೆ ನೀರು ಬಿಡಿ, ಕೆಳಗಿನದರಿಂದ ಹೊರಬರುತ್ತದೆ. ಎರಡೂ ಕಡೆ ಆದ ಮೇಲೆ ಒಂದೊಂದೇ ಹೊಳ್ಳೆಯನ್ನು ಹಗುರಾಗಿ ಸೀಟಿ. ಎರಡನ್ನೂ ಹಿಡಿದು ಸೀಟಿದರೆ ನೀರು ಕಿವಿಗೆ ಏರುತ್ತದೆ. ಮೂಗು ಪೂರ್ತಿ ಕಟ್ಟಿರುವಾಗ ಒತ್ತಾಯ ಮಾಡಬೇಡಿ.

ಮನೆ

ನುಸಿ ಬದುಕುವುದು ಹಾಸಿಗೆಯಲ್ಲಿ, ನಮ್ಮ ಚರ್ಮದ ಹೊಟ್ಟು ತಿಂದು. ಹೊದಿಕೆ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಿರಿ. ತಣ್ಣೀರು ಕೊಳೆ ತೆಗೆಯುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ಕೋಣೆಯ ತೇವಾಂಶ ಶೇ. 50ಕ್ಕಿಂತ ಕೆಳಗಿದ್ದರೆ ಅವು ಉಳಿಯುವುದು ಕಷ್ಟ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ದುಬಾರಿ ಯಂತ್ರವೊಂದನ್ನು ತಂದಿಟ್ಟು ಉಳಿದದ್ದನ್ನು ಬಿಟ್ಟರೆ ಫಲ ಸಿಗುವುದಿಲ್ಲ. ಬೆಕ್ಕಿನ ಅಲರ್ಜಿ ಇದ್ದರೆ, ಬೆಕ್ಕನ್ನು ಬೇರೆಡೆ ಬಿಟ್ಟ ಮೇಲೂ ಅದರ ಕಣ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಮಕ್ಕಳು, ಗರ್ಭಿಣಿಯರು

ಮಗು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುವುದು, ಕಣ್ಣ ಕೆಳಗೆ ಕಪ್ಪು, ಬಾಯಿ ತೆರೆದು ಮಲಗುವುದು, ಟಿವಿ ಸದ್ದು ಹೆಚ್ಚಿಸುವುದು ಎಲ್ಲವೂ ಗಮನಿಸಬೇಕಾದವು. ಕೊನೆಯದು ಕಿವಿ ತಮಟೆಯ ಹಿಂಬದಿಯಲ್ಲಿ ನೀರು ನಿಂತ ಸೂಚನೆ ಇರಬಹುದು. ದೀರ್ಘಕಾಲ ಸ್ಪ್ರೇ ಬಳಸುವ ಮಗುವಿನ ಎತ್ತರವನ್ನು ಆಗಾಗ ಅಳೆಸಿ. ಗರ್ಭಿಣಿಯರು ಉಪ್ಪುನೀರಿನಿಂದ ಶುರುಮಾಡಿ, ಬೇರೆ ಯಾವುದನ್ನೇ ಆಗಲಿ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಇಷ್ಟಾದರೂ ಬಗ್ಗದಿದ್ದರೆ

ಸ್ಪ್ರೇ ಒಂದರಲ್ಲೇ ಸಾಲದಿದ್ದರೆ ಅಜೆಲಾಸ್ಟಿನ್ ಎಂಬ ಆ್ಯಂಟಿಹಿಸ್ಟಮಿನ್ ಸೇರಿದ ಸ್ಪ್ರೇ ಕೊಡಬಹುದು. ಬಾಯಿ ಕಹಿಯಾಗುತ್ತದೆ, ಆದರೆ ಬೇಗ ಕೆಲಸ ಮಾಡುತ್ತದೆ. ಬರೀ ನೀರು ಸುರಿಯುವವರಿಗೆ ಇಪ್ರಟ್ರೋಪಿಯಂ ಎಂಬ ಸ್ಪ್ರೇ. ಕಾರಣ ಖಚಿತವಾಗಿ ಗೊತ್ತಾದ ಅಲರ್ಜಿಗೆ ಇಮ್ಯುನೊಥೆರಪಿ ಇದೆ: ಅದೇ ಕಣವನ್ನು ಸಣ್ಣ ಪ್ರಮಾಣದಿಂದ ಏರಿಸುತ್ತ ಚುಚ್ಚಿಯೋ, ನಾಲಿಗೆಯಡಿ ಇಟ್ಟೋ ದೇಹಕ್ಕೆ ಒಗ್ಗಿಸುವುದು. 1911ರಲ್ಲಿ ಬ್ರಿಟಿಷ್ ವೈದ್ಯ ಲೆನರ್ಡ್ ನೂನ್ ಪರಾಗದ ಅಲರ್ಜಿಗೆ ಮೊದಲು ಪ್ರಕಟಿಸಿದ ವಿಧಾನವಿದು. ಕನಿಷ್ಠ 3 ವರ್ಷದ ಬದ್ಧತೆ ಬೇಕು, ಪ್ರತಿ ಇಂಜೆಕ್ಷನ್ ನಂತರ 30 ನಿಮಿಷ ಅಲ್ಲೇ ಕೂರಬೇಕು, ಆಸ್ತಮಾ ಹತೋಟಿಯಲ್ಲಿಲ್ಲದವರಿಗೆ ಕೊಡುವಂತಿಲ್ಲ.

‘ಮೂಳೆ ಬೆಂಡಾಗಿದೆ’, ‘ದುರ್ಮಾಂಸ ಬೆಳೆದಿದೆ’ ಎಂದು ಆಪರೇಷನ್ ಮಾತು ಬಂದಾಗ ಒಂದು ಪ್ರಶ್ನೆ ಕೇಳಿ: ಇದು ಪಾಲಿಪ್ ಎಂಬ ಗಂಟೋ, ಅಲರ್ಜಿಯಿಂದ ಉಬ್ಬಿದ ಟರ್ಬಿನೇಟೋ? ಕೆಲವರು ಟರ್ಬಿನೇಟನ್ನೂ ದುರ್ಮಾಂಸ ಎಂದುಬಿಡುತ್ತಾರೆ. ಶಸ್ತ್ರಚಿಕಿತ್ಸೆ ದಾರಿ ಅಗಲ ಮಾಡೀತು, ಸೀನು-ತುರಿಕೆಗೆ ಅದರಲ್ಲಿ ಮದ್ದಿಲ್ಲ. ಸ್ಪ್ರೇಯನ್ನು ಸರಿಯಾದ ಕ್ರಮದಲ್ಲಿ ಕೆಲವು ವಾರವಾದರೂ ಹಾಕಿ ನೋಡದೆ ಆ ತೀರ್ಮಾನಕ್ಕೆ ಹೋಗಬೇಡಿ.

ಚಿಕಿತ್ಸೆ ಶುರುವಾಗಿ ಎರಡರಿಂದ ನಾಲ್ಕು ವಾರಕ್ಕೆ ಮರುಭೇಟಿ ಇಟ್ಟುಕೊಳ್ಳಿ. ಅಂಕದ ಹಾಳೆ, ತಾರೀಕು ಬರೆದ ಬಾಟಲಿ ಎರಡನ್ನೂ ಒಯ್ಯಿರಿ, ವೈದ್ಯರ ಎದುರಿಗೇ ಒಮ್ಮೆ ಸ್ಪ್ರೇ ಹಾಕಿ ತೋರಿಸಿ. ಅಂಕ ಇಳಿದಿದ್ದರೆ ಪ್ರಮಾಣ ತಗ್ಗಿಸುವ ಮಾತಾಡಬಹುದು. ಇಳಿದಿಲ್ಲ, ಬಾಟಲಿ ಮಾತ್ರ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗಿದೆ ಎಂದಾದರೆ, ಆಗ ಔಷಧಿ ಬದಲಿಸಲು ಅಥವಾ ಕಾಯಿಲೆ ಇದೇ ಹೌದೇ ಎಂದು ಮತ್ತೆ ನೋಡಲು ವೈದ್ಯರ ಬಳಿ ಗಟ್ಟಿ ಕಾರಣ ಇರುತ್ತದೆ.